ಶನಿವಾರ ಗಾಣ ನಿಲ್ಲಿಸಿದವರು

ಇಂಡಿ ತಾಲೂಕಿನ ಝಳಕಿಯು ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಊರು. ಅಲ್ಲಿಂದ ಉತ್ತರಾಭಿಮುಖವಾಗಿ ಹೊರಟು ಧೂಳಖೇಡದ ಬಳಿ ಭೀಮಾನದಿಯನ್ನು ದಾಟಿದರೆ ಮರಾಠಿ ಸೀಮೆ ಆರಂಭವಾಗುತ್ತದೆ. ೧೯೫೬ರವರೆಗೆ ಈ ಜಿಲ್ಲೆಯು ಮುಂಬಯಿ ಪ್ರಾಂತಕ್ಕೇ ಸೇರಿದ್ದುದರಿಂದ ಇಲ್ಲಿಯ ಜನರಿಗೆ ಮರಾಠಿ ಭಾಷೆಯೂ ಮುಂಬಯಿಯ ನಂಟೂ ಹೊಸತಲ್ಲ. ಕುಸುಬಿ ಬೆಳೆಯುವ ನೆಲವಾದುದರಿಂದ ಗಾಣವೂ ಹೊಸತಲ್ಲ. ಎತ್ತು ಸುತ್ತುವ ಗಾಣವನ್ನು ಒಂದು ದಿನ ನಿಲ್ಲಿಸಿದರೆ ಆ ದಿನದ ಗಳಿಕೆ ನಿಂತಂತೆಯೇ ಎಂಬುದು ಗಾಣಿಗರ ಮನೆಯ ಮಕ್ಕಳಿಗೂ ತಿಳಿದ ಸಂಗತಿ.

ಸಹ್ಯಾದ್ರಿಯ ಆಚೆ, ಕೊಂಕಣದ ಅಲಿಬಾಗ, ಪೇಣ, ರೇವದಂಡಾ ಮುಂತಾದ ಊರುಗಳ ಸುತ್ತಮುತ್ತ ಹೀಗೆ ಗಾಣ ಹೂಡಿ ಬದುಕುತ್ತಿದ್ದ ಒಂದು ಸಮುದಾಯವಿತ್ತು. ಅವರು ಶುಕ್ರವಾರ ಸೂರ್ಯಾಸ್ತವಾಗುತ್ತಲೇ ಗಾಣವನ್ನು ನಿಲ್ಲಿಸಿ ಎತ್ತನ್ನು ಬಿಚ್ಚುತ್ತಿದ್ದರು. ಮರುದಿನ ಸಂಜೆಯವರೆಗೆ ಒಲೆಗೆ ಹೊಸದಾಗಿ ಬೆಂಕಿಯನ್ನೂ ಹಾಕುತ್ತಿರಲಿಲ್ಲ. ಕಾರಣವೇನೆಂದು ಕೇಳಿದವರಿಗೆ ಹಿರಿಯರಿಂದ ಬಂದ ನೇಮವೆಂದಷ್ಟೇ ಉತ್ತರ. ನೆರೆಹೊರೆಯ ಜನ ಅವರಿಗೆ ‘ಶನಿವಾರ ತೇಲಿ’ ಎಂದು ಹೆಸರಿಟ್ಟರು. ಶನಿವಾರ ಕೆಲಸ ಮಾಡದ ಗಾಣಿಗರು ಎಂದು ಅದರ ಅರ್ಥ. ಅವರಾದರೋ ತಮ್ಮನ್ನು ‘ಬೆನೆ ಇಸ್ರಾಯೇಲ್’ ಎಂದು ಕರೆದುಕೊಳ್ಳುತ್ತಿದ್ದರು. ಇಸ್ರಾಯೇಲನ ಮಕ್ಕಳು ಎಂಬುದು ಆ ಮಾತಿನ ಅರ್ಥ. ಅಹಮದನಗರದ ನಿಜಾಮಶಾಹಿಯು ೧೬೩೬ರಲ್ಲಿ ಅಳಿದಾಗ ಅದರ ಕೊಂಕಣದ ಪ್ರದೇಶಗಳು ವಿಜಯಪುರದ ಆದಿಲಶಾಹಿಗೆ ಸೇರಿದುದರಿಂದ, ಶಿವಾಜಿಯ ಉದಯದವರೆಗಿನ ಕೆಲವು ದಶಕಗಳ ಮಟ್ಟಿಗೆ ಈ ಗಾಣಿಗರೂ ವಿಜಯಪುರದ ಪ್ರಜೆಗಳೇ ಆಗಿದ್ದರೆನ್ನಬೇಕು. ಗೋಳಗುಮ್ಮಟ ಏಳುತ್ತಿದ್ದ ಕಾಲವದು. ರಾಜಧಾನಿಯಲ್ಲಿದ್ದ ಯಾರಿಗೂ ಅವರ ಸುದ್ದಿ ತಿಳಿದಿದ್ದಂತೆ ಕಾಣುವುದಿಲ್ಲ.

ಅವರ ಮನೆಮಾತಿನ ಐತಿಹ್ಯದ ಪ್ರಕಾರ, ಬಹು ಪ್ರಾಚೀನ ಕಾಲದಲ್ಲಿ ಅವರ ಪೂರ್ವಜರಿದ್ದ ಹಡಗು ಅಲಿಬಾಗದ ಸಮೀಪದ ನವಗಾಂವದ ಬಳಿ ಒಡೆಯಿತು. ಬದುಕಿ ದಡ ಸೇರಿದವರು ಏಳು ಗಂಡಸರು, ಏಳು ಹೆಂಗಸರು ಮಾತ್ರ. ಗ್ರಂಥಗಳೆಲ್ಲ ಸಮುದ್ರದ ಪಾಲಾದವು. ಇದು ಯಾವ ಶತಮಾನದ ಮಾತೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಒಮ್ಮತವಿರುವುದು ಮುಂದಿನ ಸಂಗತಿಯಲ್ಲಿ. ಗ್ರಂಥವಿಲ್ಲದೆ, ಗುರುವಿಲ್ಲದೆ, ಪ್ರಾರ್ಥನಾಮಂದಿರವಿಲ್ಲದೆ, ತಮ್ಮ ಮೂಲ ಭಾಷೆಯಾದ ಹೀಬ್ರೂವನ್ನು ಸಂಪೂರ್ಣ ಮರೆತು ಮರಾಠಿಯನ್ನೇ ತಾಯ್ನುಡಿಯಾಗಿಸಿಕೊಂಡು, ಊರ ಹೆಸರಿಗೆ ‘ಕರ’ ಪ್ರತ್ಯಯ ಸೇರಿಸಿ ಪೇಣಕರ, ನವಗಾಂವಕರ, ದಿವೇಕರ, ಕೆಹಿಮಕರ ಎಂದು ಅಡ್ಡಹೆಸರು ಧರಿಸಿದ ಈ ಜನರು ನಾಲ್ಕೈದು ಆಚಾರಗಳನ್ನು ಮಾತ್ರ ಕೈಬಿಡಲಿಲ್ಲ. ಶನಿವಾರದ ವಿಶ್ರಾಂತಿ, ಗಂಡುಮಗು ಹುಟ್ಟಿದ ಎಂಟನೆಯ ದಿನದ ಸಂಸ್ಕಾರ, ರೆಕ್ಕೆ ಮತ್ತು ಹೊರಪೊರೆ ಎರಡೂ ಇಲ್ಲದ ಮೀನು ನಿಷಿದ್ಧವೆಂಬ ಆಹಾರ ನಿಯಮ, ಕೆಲವು ಹಬ್ಬಗಳು ಮತ್ತು ‘ಶೆಮಾ’ ಎಂಬ ಏಕದೇವ ಶ್ರದ್ಧೆಯ ಒಂದು ವಾಕ್ಯ. ಅರ್ಥ ಮರೆತುಹೋದ ಆ ವಾಕ್ಯವನ್ನೇ ಅವರು ಜನನದಲ್ಲಿಯೂ ವಿವಾಹದಲ್ಲಿಯೂ ಮರಣದಲ್ಲಿಯೂ ಉಚ್ಚರಿಸುತ್ತಿದ್ದರು. ಅವರ ಸಂಪ್ರದಾಯದ ಪ್ರಕಾರ ದಾವಿದ್ ರಹಾಬಿ ಎಂಬ ಹೊರಗಿನ ಯಹೂದಿ ವಿದ್ವಾಂಸನೊಬ್ಬನು ಅಲ್ಲಿಗೆ ಬಂದು, ಇವರು ತನ್ನವರೇ ಹೌದೋ ಎಂದು ಪರೀಕ್ಷಿಸಲು ಬಗೆಬಗೆಯ ಮೀನುಗಳನ್ನು ಹೆಂಗಸರ ಕೈಗೆ ಕೊಟ್ಟು ಅಡುಗೆ ಮಾಡಲು ಹೇಳಿದನಂತೆ. ಅವರು ನಿಷಿದ್ಧವಾದವುಗಳನ್ನು ಆರಿಸಿ ಬದಿಗಿಟ್ಟರಂತೆ. ಜೀವಹಿಂಸೆಯ ವಿಷಯದಲ್ಲಿ ಆ ಆಹಾರ ನಿಯಮಕ್ಕೂ ಜೈನ ಶ್ರಾವಕಾಚಾರಕ್ಕೂ ಹೋಲಿಕೆಯೇ ಇಲ್ಲ. ಆದರೆ ಒಂದು ಧರ್ಮದ ಗುರುತು ಗ್ರಂಥಭಂಡಾರದಲ್ಲಿ ಅಳಿದ ಮೇಲೂ ಅಡುಗೆಮನೆಯಲ್ಲಿ ಉಳಿದಿರಬಲ್ಲದು ಎಂಬುದನ್ನು ರಾತ್ರಿಭೋಜನ ತ್ಯಾಗ ಮಾಡಿದ ಮನೆತನಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಯಹೂದಿಗಳ ದೀರ್ಘ ವನವಾಸದ ಒಂದು ತೀರ ಚಿಕ್ಕ ಕವಲು ಇದು. ಕ್ರಿ. ಶ. ೭೦ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಕೆಡವಿದರು. ಅಲ್ಲಿಂದ ಮುಂದೆ ಸುಮಾರು ಹದಿನೆಂಟು ನೂರು ವರ್ಷಗಳ ಕಾಲ ಆ ಜನಕ್ಕೆ ರಾಜ್ಯವಿರಲಿಲ್ಲ, ಸೈನ್ಯವಿರಲಿಲ್ಲ. ಬಲಿಪೀಠವಿದ್ದ ಸ್ಥಾನದಲ್ಲಿ ಪ್ರಾರ್ಥನೆ ಬಂದಿತು. ಪುರೋಹಿತನ ಸ್ಥಾನದಲ್ಲಿ ಶಾಸ್ತ್ರ ಬಲ್ಲ ಗುರು ಬಂದನು. ಯಾವ ದೇಶದಲ್ಲಿದ್ದರೂ ಜೆರುಸಲೇಮಿನ ದಿಕ್ಕಿಗೆ ಮುಖಮಾಡಿ ಪ್ರಾರ್ಥಿಸುವುದು, ವರ್ಷಕ್ಕೊಮ್ಮೆ ಪಾಸ್ಕದ ಹಬ್ಬದಲ್ಲಿ ಮುಂದಿನ ವರ್ಷವಾದರೂ ಅಲ್ಲಿ ಸೇರುವಂತಾಗಲಿ ಎಂದು ಹಾರೈಸುವುದು, ಇಷ್ಟರಿಂದಲೇ ಕಳೆದುಹೋದ ಊರು ಅವರ ಮನೆಗಳಲ್ಲಿ ಜೀವಂತವಾಗಿತ್ತು. ಯೂರೋಪಿನಲ್ಲಿ ಅವರು ಅನುಭವಿಸಿದ ದೇಶಭ್ರಷ್ಟತೆ, ಬಲಾತ್ಕಾರದ ಮತಾಂತರ, ಕೊನೆಗೆ ಹಿಟ್ಲರನ ಆಳ್ವಿಕೆಯಲ್ಲಿ ಅರವತ್ತು ಲಕ್ಷ ಜನರ ಹತ್ಯೆ ಇವು ಲೋಕವಿದಿತ. ಭಾರತದ ನೆಲದಲ್ಲಿ ಅವರ ಕಥೆ ಬೇರೆಯೇ ತೆರನಾಗಿದೆ. ಅದರ ಎರಡು ಅಧ್ಯಾಯಗಳು ನಡೆದುದು ಕನ್ನಡ ನಾಡಿನಲ್ಲಿಯೇ.

ಮೊದಲನೆಯದು ಮಂಗಳೂರಿನದು. ವಿಷ್ಣುವರ್ಧನನು ಹೊಯ್ಸಳ ಸಿಂಹಾಸನದಲ್ಲಿಯೂ ಆಳುಪರು ತುಳುನಾಡಿನಲ್ಲಿಯೂ ಆಳುತ್ತಿದ್ದ ದಿನಗಳಲ್ಲಿ, ಸುಮಾರು ೧೧೩೨ರಲ್ಲಿ, ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು ಮಂಗಳೂರಿಗೆ ಬಂದು ನೆಲೆಸಿದನು. ಆತನ ಜನ್ಮಸ್ಥಳ ಇಂದಿನ ಟ್ಯುನೀಷಿಯಾದ ಮಹದಿಯಾ ಪಟ್ಟಣ. ಹದಿನೇಳು ವರ್ಷ ಆತನು ಇಲ್ಲಿ ವ್ಯಾಪಾರ ಮಾಡಿದನು. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣವನ್ನು ಏಡನ್ನಿಗೆ ಕಳುಹಿಸುವುದು, ಅಲ್ಲಿಂದ ಬಂದ ಹಳೆಯ ತಾಮ್ರ ಹಿತ್ತಾಳೆಗಳನ್ನು ಇಲ್ಲಿಯ ಕಂಚುಗಾರರಿಂದ ಹೊಸ ಪಾತ್ರೆಗಳಾಗಿ ಮಾಡಿಸಿ ಹಿಂತಿರುಗಿಸುವುದು ಅವನ ಕಸುಬು. ಏಡನ್ನಿನ ಮಿತ್ರರು ಅವನಿಗೆ ಒಣದ್ರಾಕ್ಷಿ, ಸಕ್ಕರೆ, ಸಾಬೂನು ಕಳುಹಿಸುತ್ತಿದ್ದರು, ಜೊತೆಗೆ ಕಾಗದ. ತಾಳೆಗರಿಯ ನಾಡಿನಲ್ಲಿ ಅವನಿಗೆ ಕಾಗದವೇ ಬೇಕಿತ್ತು. ಆಶು ಎಂಬ ದಾಸಿಯನ್ನು ೧೧೩೨ರ ಅಕ್ಟೋಬರ್ ೧೭ರಂದು ಮಂಗಳೂರಿನಲ್ಲಿಯೇ ಬರೆದ ಪತ್ರದ ಮೂಲಕ ದಾಸ್ಯದಿಂದ ಬಿಡುಗಡೆ ಮಾಡಿ, ಆಕೆಗೆ ಬೆರಾಖಾ, ಎಂದರೆ ಆಶೀರ್ವಾದ, ಎಂದು ಹೆಸರಿಟ್ಟನು. ಆಕೆಯಲ್ಲಿ ಅವನಿಗೆ ಮಕ್ಕಳಾದರು. ಅವನ ವ್ಯವಹಾರವನ್ನು ಏಡನ್ನಿನವರೆಗೆ ಹೋಗಿ ನೋಡಿಕೊಳ್ಳುತ್ತಿದ್ದ ಸೇವಕನೊಬ್ಬನಿದ್ದನು. ಅಮಿತಾವ್ ಘೋಷರು ಆ ಸೇವಕನ ಜಾಡು ಹಿಡಿದು ಮಂಗಳೂರಿಗೆ ಬಂದಾಗ, ಅರಬ್ಬಿ ನುಡಿಯ ಪತ್ರಗಳಲ್ಲಿ ಅಸ್ಪಷ್ಟವಾಗಿದ್ದ ಆ ಹೆಸರು ‘ಬೊಮ್ಮ’ ಎಂದಿರಬೇಕೆಂದು ತುಳು ವಿದ್ವಾಂಸ ಬಿ. ಎ. ವಿವೇಕ ರೈಯವರು ಗುರುತಿಸಿಕೊಟ್ಟರು.

೧೧೪೯ರಲ್ಲಿ ಬೆನ್ ಯಿಜು ಮಕ್ಕಳೊಡನೆ ಪಶ್ಚಿಮಕ್ಕೆ ಹಿಂತಿರುಗಿದನು. ಅಷ್ಟರೊಳಗೆ ಅವನ ಹುಟ್ಟೂರು ಸಿಸಿಲಿಯ ಅರಸನ ದಾಳಿಗೆ ತುತ್ತಾಗಿ ಅವನ ಸಹೋದರರು ಸಿಸಿಲಿಯಲ್ಲಿ ನಿರಾಶ್ರಿತರಾಗಿದ್ದರು. ಗಳಿಸಿದ ಹಣವನ್ನು ಬಂಧುಗಳೊಡನೆ ಹಂಚಿಕೊಂಡು, ತನ್ನ ಮಗಳನ್ನು ಅಣ್ಣತಮ್ಮಂದಿರ ಮಗನಿಗೇ ಕೊಡಬೇಕೆಂಬ ಹಂಬಲದಿಂದ ಅವನು ಬರೆದ ಪತ್ರಗಳು ಉಳಿದಿವೆ. ೧೧೫೬ರಲ್ಲಿ ಕೈರೋ ಬಳಿಯ ಫುಸ್ತಾತಿನಲ್ಲಿ ಆ ವಿವಾಹ ನಡೆಯಿತು. ತುಳುನಾಡಿನಲ್ಲಿ ಹುಟ್ಟಿ ಬೆಳೆದ ಆ ಹೆಣ್ಣುಮಗಳು ಎಂದೂ ಕಾಣದ ಕುಲವನ್ನು ಹೀಗೆ ಸೇರಿದಳು. ತಾಯಿ ಆಶುವಿನ ಮುಂದಿನ ಬದುಕಿನ ಬಗ್ಗೆ ಪತ್ರಗಳು ಮೌನವಾಗಿವೆ. ಮರಳುವಿಕೆಯ ಕಥೆಗಳಲ್ಲಿ ಇಂಥ ಮೌನಗಳು ಕಡಿಮೆಯಲ್ಲ.

ಎಂಟು ನೂರು ವರ್ಷಗಳ ಮೇಲೂ ಇಷ್ಟೆಲ್ಲ ತಿಳಿಯುವಂತಾದುದು ಒಂದು ಧಾರ್ಮಿಕ ಭಾವನೆಯಿಂದ. ದೇವನಾಮವಿರಬಹುದಾದ ಯಾವ ಬರಹವನ್ನೂ ಬೀದಿಗೆ ಎಸೆಯಬಾರದೆಂಬ ಶ್ರದ್ಧೆಯಿಂದ ಫುಸ್ತಾತಿನ ಯಹೂದಿಗಳು ಹಳೆಯ ಕಾಗದಗಳನ್ನೆಲ್ಲ ಪ್ರಾರ್ಥನಾಮಂದಿರದ ಒಂದು ಕೋಣೆಯಲ್ಲಿ ಇಡುತ್ತಿದ್ದರು. ‘ಗೆನಿಜಾ’ ಎಂದು ಅದರ ಹೆಸರು. ಧರ್ಮಗ್ರಂಥದ ಹರಕು ಹಾಳೆಯೊಡನೆ ಅಡಿಕೆಯ ಲೆಕ್ಕವೂ ಅಲ್ಲಿಯೇ ಉಳಿಯಿತು. ೧೮೯೬-೯೭ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಅದರ ಬಹುಭಾಗವನ್ನು ಕೇಂಬ್ರಿಜ್‌ಗೆ ಒಯ್ದರು. ಬೆನ್ ಯಿಜು ವ್ಯಾಪಾರ ಮಾಡಿದ ಮಂಗಳೂರಿನಿಂದ ಒಂದು ದಿನದ ನಡಿಗೆಯಷ್ಟು ದೂರದ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ ತಾಡವೋಲೆಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಒದಗಿ, ೧೯೩೯ರಿಂದೀಚೆಗೆ ಮುದ್ರಣ ಕಂಡುದನ್ನು ಇಲ್ಲಿ ನೆನೆಯಬಹುದು. ಎರಡೂ ಕಡೆ ಓದುವವರು ಇಲ್ಲದಿದ್ದಾಗ ಕಾಯುವವರಾದರೂ ಇದ್ದರು.

ಎರಡನೆಯ ಅಧ್ಯಾಯ ಶ್ರೀರಂಗಪಟ್ಟಣದ ಸೆರೆಮನೆಯದು. ಹದಿನೆಂಟನೆಯ ಶತಮಾನದಲ್ಲಿ ಬೆನೆ ಇಸ್ರಾಯೇಲರು ಗಾಣ ಬಿಟ್ಟು ಮುಂಬಯಿಗೆ ವಲಸೆ ಬಂದು, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಸೇರತೊಡಗಿದ್ದರು. ಸಾಮಾಜಿ ಹಸಾಜಿ ದಿವೇಕರ ಅವರಲ್ಲೊಬ್ಬನು. ಸ್ಯಾಮ್ಯುಯೆಲ್ ಎಜೆಕಿಯಲ್ ಎಂಬುದು ಅದೇ ಹೆಸರಿನ ಯಹೂದಿ ರೂಪ. ಎರಡನೆಯ ಮೈಸೂರು ಯುದ್ಧದಲ್ಲಿ ಆತನು ಟಿಪ್ಪುಸುಲ್ತಾನನ ಕೈಗೆ ಸೆರೆಸಿಕ್ಕನು. ಮುಂದಿನದನ್ನು ಆ ಸಮುದಾಯದ ಸಂಪ್ರದಾಯ ಹೀಗೆ ಹೇಳುತ್ತದೆ: ಸೆರೆಯಾಳುಗಳನ್ನು ಅವರವರ ಜಾತಿ ಕೇಳುತ್ತ ಬಂದಾಗ ದಿವೇಕರನು ತಾನು ಬೆನೆ ಇಸ್ರಾಯೇಲ್ ಎಂದನು. ಅಂತಃಪುರದಲ್ಲಿದ್ದ ಸುಲ್ತಾನನ ತಾಯಿಯ ಕಿವಿಗೆ ಆ ಮಾತು ಬಿದ್ದಿತು. ಕುರಾನಿನಲ್ಲಿ ಮತ್ತೆ ಮತ್ತೆ ಹೆಸರು ಬರುವ ಬನಿ ಇಸ್ರಾಯೇಲರನ್ನು ತಾನು ಕಂಡೇ ಇಲ್ಲ, ಅವರನ್ನು ಕೊಲ್ಲಬಾರದು ಎಂದು ಆಕೆ ಮಗನನ್ನು ಬೇಡಿಕೊಂಡಳು. ಸೆರೆಯಲ್ಲಿದ್ದಾಗ ದಿವೇಕರನು ಒಂದು ಹರಕೆ ಹೊತ್ತಿದ್ದನು. ಬದುಕಿ ಮನೆ ಸೇರಿದರೆ ತನ್ನ ಜನಕ್ಕೆ ಒಂದು ಪ್ರಾರ್ಥನಾಮಂದಿರವನ್ನು ಕಟ್ಟಿಸುವುದಾಗಿ.

ತಾಯಿಯ ಕಥೆಯನ್ನು ಐತಿಹ್ಯವೆಂದೇ ಸ್ವೀಕರಿಸಬೇಕು. ಹರಕೆ ಮಾತ್ರ ಕಲ್ಲುಗಾರೆಯಲ್ಲಿ ನಿಂತಿದೆ. ೧೭೯೬ರಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ದಿವೇಕರನು ಕಟ್ಟಿಸಿದ ಮಂದಿರವೇ ಆ ನಗರದ ಮೊದಲ ಯಹೂದಿ ಪ್ರಾರ್ಥನಾಮಂದಿರ. ಇಂದು ಅದರ ಹೆಸರು ಶಾಅರ್ ಹರಹಮಿಮ್, ಎಂದರೆ ಕರುಣೆಯ ದ್ವಾರ. ಸುತ್ತಲಿನ ಮುಸಲ್ಮಾನ ನೆರೆಯವರು ಅದನ್ನು ‘ಜುನಿ ಮಸೀದಿ’, ಹಳೆಯ ಮಸೀದಿ, ಎಂದು ಕರೆದರು. ಮಂದಿರದ ಬೀದಿಗೆ ಸ್ಯಾಮ್ಯುಯೆಲ್ ಬೀದಿ ಎಂಬ ಹೆಸರು ಬಂದಿತು. ಮಂದಿರಕ್ಕೆ ಬೇಕಾದ ತೋರಾ ಸುರುಳಿಗಳನ್ನು ತರಲೆಂದು ಕೊಚ್ಚಿಗೆ ಹೋದ ದಿವೇಕರನು ೧೭೯೭ರಲ್ಲಿ ಅಲ್ಲಿಯೇ ತೀರಿಕೊಂಡನು. ಕಂಪನಿಯ ಸಂಬಳಕ್ಕಾಗಿ ಯುದ್ಧಕ್ಕೆ ಹೋದವನು ವ್ರತಕ್ಕಾಗಿ ಪ್ರಾಣ ಬಿಟ್ಟದ್ದು ಹೀಗೆ.

ಮಂದಿರ ಎದ್ದಿತು, ಓದುವವರು ಬೇಕಲ್ಲ? ಆ ಕೊರತೆಯನ್ನು ಕೊಚ್ಚಿಯ ಯಹೂದಿಗಳು ಒಂದಿಷ್ಟು ತುಂಬಿದರು. ಇನ್ನೊಂದಿಷ್ಟನ್ನು ತುಂಬಿದವರು, ವಿಚಿತ್ರವೆಂದರೆ, ಕ್ರೈಸ್ತ ಮಿಷನರಿಗಳು. ಅವರು ಬೈಬಲ್ಲನ್ನು ಮರಾಠಿಗೆ ತಂದರು, ಶಾಲೆಗಳಲ್ಲಿ ಹೀಬ್ರೂ ಕಲಿಸಿದರು. ಬೆನೆ ಇಸ್ರಾಯೇಲರು ವಿದ್ಯೆಯನ್ನು ಸ್ವೀಕರಿಸಿ, ಮತಾಂತರವನ್ನು ವಿನಯದಿಂದ ಬದಿಗಿಟ್ಟರು.

ಕೊಚ್ಚಿಯ ಯಹೂದಿಗಳದು ಇನ್ನೂ ಹಳೆಯ ನೆಲೆ. ಸುಮಾರು ಕ್ರಿ. ಶ. ೧೦೦೦ದಲ್ಲಿ ಚೇರ ಅರಸ ಭಾಸ್ಕರ ರವಿವರ್ಮನು ಜೋಸೆಫ್ ರಬ್ಬಾನನಿಗೆ ತಾಮ್ರಶಾಸನದ ಮೂಲಕ ಅನೇಕ ಗೌರವಗಳನ್ನು ದಾನ ಮಾಡಿದನು. ಆದರೆ ಅವರ ಚರಿತ್ರೆಯ ಒಂದು ಮುಖವನ್ನು ಮುಚ್ಚಿಟ್ಟು ಹೊಗಳುವುದು ನ್ಯಾಯವಲ್ಲ. ಅವರು ತಮ್ಮೊಳಗೇ ಭೇದ ಬೆಳೆಸಿಕೊಂಡರು. ೧೫೬೮ರಲ್ಲಿ ಕಟ್ಟಿದ ಪರದೇಶಿ ಪ್ರಾರ್ಥನಾಮಂದಿರದಲ್ಲಿ, ಹಿಂದೆ ದಾಸರಾಗಿದ್ದವರ ಸಂತತಿಗೆ ಆಸನವಿರಲಿಲ್ಲ. ತೋರಾ ಓದುವ ಹಕ್ಕಿರಲಿಲ್ಲ. ಆ ಸಂತತಿಯಲ್ಲಿ ಹುಟ್ಟಿ ವಕೀಲರಾದ ಎ. ಬಿ. ಸಾಲೆಂ (೧೮೮೨–೧೯೬೭) ಇಪ್ಪತ್ತನೆಯ ಶತಮಾನದಲ್ಲಿ ಮಂದಿರದೊಳಗೇ ಸತ್ಯಾಗ್ರಹ ಹೂಡಿ ಆ ತಡೆಗಳನ್ನು ಒಂದೊಂದಾಗಿ ಸಡಿಲಿಸಿದರು. ಜನ ಅವರನ್ನು ‘ಯಹೂದಿ ಗಾಂಧಿ’ ಎಂದರು. ದೇವರು ಒಬ್ಬನೇ ಎಂದು ದಿನಕ್ಕೆರಡು ಬಾರಿ ಪಠಿಸುವ ಮಂದಿರದಲ್ಲಿಯೇ ಕೂಡುವ ಚಾಪೆಗಾಗಿ ಹೋರಾಡಬೇಕಾಯಿತು. ಬಸದಿಯ ಆಡಳಿತ ನೋಡುವವರಿಗೂ ಈ ಪ್ರಸಂಗ ಪರಕೀಯವೆನಿಸಲಾರದು.

ಮರಳುವ ಹಾರೈಕೆ ರಾಜಕಾರಣವಾಗಿ ಮಾರ್ಪಟ್ಟುದು ಇತ್ತೀಚಿನ ಸಂಗತಿ. ೧೯೧೭ರ ನವೆಂಬರ್ ೨ರಂದು ಬ್ರಿಟಿಷ್ ಸರ್ಕಾರದ ಬಾಲ್ಫೋರ್ ಘೋಷಣೆ ಹೊರಟಿತು. ಮರುವರ್ಷ, ೧೯೧೮ರ ಸೆಪ್ಟೆಂಬರ್ ೨೩ರಂದು, ತುರ್ಕರ ವಶದಲ್ಲಿದ್ದ ಹೈಫಾ ಪಟ್ಟಣವನ್ನು ಗೆದ್ದವರು ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ರಾವುತರು. ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳನ್ನು ಹಿಡಿಯಲು ಮೈಸೂರಿನ ದಳ ಈಟಿ ಹಿಡಿದು ಕುದುರೆಗಳೊಡನೆ ಕಡಿದಾದ ಇಳಿಜಾರನ್ನೇರಿತು. ಕೆಳಗಿನಿಂದ ನುಗ್ಗಿದ ಜೋಧಪುರದ ಪಡೆಯ ಮೇಜರ್ ದಲಪತ ಸಿಂಗ್ ಅಂದು ಮಡಿದರು. ದಿಲ್ಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಯೋಧನದು. ಮೈಸೂರಿನ ಆ ಸವಾರರಿಗೆ ಆ ಬೆಟ್ಟ ಯಾರ ಪ್ರಾರ್ಥನೆಯಲ್ಲಿ ಬರುತ್ತದೆಂಬುದು ತಿಳಿದಿರಲು ಕಾರಣವಿರಲಿಲ್ಲ.

ಇಲ್ಲಿಂದ ಮುಂದೆ ಕಥೆ ಅಹಿಂಸೆಯ ಪ್ರಶ್ನೆಯನ್ನು ನೇರವಾಗಿ ಎದುರಿಸುತ್ತದೆ. ೧೯೩೮ರ ನವೆಂಬರ್ ೨೬ರ ‘ಹರಿಜನ’ ಪತ್ರಿಕೆಯಲ್ಲಿ ಗಾಂಧೀಜಿ ಯಹೂದಿಗಳ ಕುರಿತು ಬರೆದರು. ಶ್ರೀಮದ್ ರಾಜಚಂದ್ರರ ಸಂಗದಿಂದ ಅಹಿಂಸೆಯ ಆಳವನ್ನು ಕಂಡ ಗಾಂಧೀಜಿಗೆ, ದಕ್ಷಿಣ ಆಫ್ರಿಕಾದಲ್ಲಿ ಟಾಲ್‌ಸ್ಟಾಯ್ ಫಾರ್ಮಿಗೆ ಜಮೀನು ನೀಡಿದ ಹರ್ಮನ್ ಕ್ಯಾಲನ್‌ಬಾಕ್ ಎಂಬ ಯಹೂದಿ ಆಪ್ತಮಿತ್ರರೂ ಆಗಿದ್ದರು. ತಮ್ಮ ಸಹಾನುಭೂತಿಯೆಲ್ಲ ಯಹೂದಿಗಳ ಕಡೆಗಿದ್ದರೂ ಪ್ಯಾಲೆಸ್ಟೈನ್ ಅರಬ್ಬರ ನಾಡು, ಬಂದೂಕಿನ ನೆರಳಿನಲ್ಲಿ ಅದನ್ನು ಪ್ರವೇಶಿಸುವುದು ಧರ್ಮವಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು. ಜರ್ಮನಿಯ ಯಹೂದಿಗಳು ಅಲ್ಲಿಯೇ ನಿಂತು ಸತ್ಯಾಗ್ರಹ ಮಾಡಬೇಕೆಂದೂ ಅವರು ಸಲಹೆಯಿತ್ತರು. ಜರ್ಮನಿಯನ್ನು ಬಿಟ್ಟು ಜೆರುಸಲೇಮ್ ಸೇರಿದ್ದ ತತ್ತ್ವಜ್ಞಾನಿ ಮಾರ್ಟಿನ್ ಬೂಬರ್ ೧೯೩೯ರಲ್ಲಿ ಅದಕ್ಕೆ ಬಹಿರಂಗ ಪತ್ರದಲ್ಲಿ ಉತ್ತರಿಸಿದರು. ನೋಡುವ ಸಾಕ್ಷಿಯಿಲ್ಲದ ಕಡೆ, ಕರಗಬಲ್ಲ ಹೃದಯವಿಲ್ಲದ ಶತ್ರುವಿನೆದುರು ಬಲಿಯಾಗುವುದನ್ನು ಸತ್ಯಾಗ್ರಹವೆನ್ನುವುದು ಹೇಗೆ ಎಂಬುದು ಅವರ ಪ್ರಶ್ನೆಯ ಸಾರ. ಅದೇ ಪತ್ರದಲ್ಲಿ, ಆ ನೆಲದ ಮೇಲೆ ಇಬ್ಬರಿಗೂ ಹಕ್ಕಿದೆ, ಅರಬ್ಬರನ್ನು ಕಳೆದು ತಮಗೆ ನೆಲ ಬೇಡ ಎಂದೂ ಅವರು ವಾದಿಸಿದರು. ಮಾರಣಹೋಮ ನಡೆದ ಮೇಲೆ ಗಾಂಧೀಜಿಯ ಸಲಹೆಯನ್ನು ಓದುವುದು ಕಷ್ಟ. ೧೯೪೮ರ ಮೇಲೆ ಬೂಬರರ ಕೊನೆಯ ಮಾತನ್ನು ಓದುವುದೂ ಅಷ್ಟೇ ಕಷ್ಟ. ಆ ವರ್ಷದ ಮೇ ೧೪ರಂದು ಇಸ್ರೇಲ್ ರಾಷ್ಟ್ರ ಉದಯಿಸಿತು. ಆಗಿನ ಯುದ್ಧದಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡರು. ಹದಿನೆಂಟು ಶತಮಾನಗಳ ನಿರಾಶ್ರಿತರು ಮನೆ ಸೇರಿದ ಗಳಿಗೆಯಲ್ಲಿಯೇ ಹೊಸ ನಿರಾಶ್ರಿತರು ಹುಟ್ಟಿದರು. ಆ ಜಗಳ ಇನ್ನೂ ತೀರಿಲ್ಲ.

ಭಾರತದ ಯಹೂದಿಗಳನ್ನು ಓಡಿಸಿದವರು ಯಾರೂ ಇರಲಿಲ್ಲ. ೧೯೫೧ರ ಸುಮಾರಿಗೆ ದೇಶದಲ್ಲಿ ೨೬ ಸಾವಿರದಷ್ಟಿದ್ದ ಅವರು, ಮುಂಬಯಿ ಪ್ರಾಂತದ ರೈಲ್ವೆ, ಅಂಚೆ ಕಚೇರಿಗಳಲ್ಲಿ ಗುಮಾಸ್ತರಾಗಿ, ವೈದ್ಯರಾಗಿ, ಶಿಕ್ಷಕರಾಗಿ ನೆಮ್ಮದಿಯಿಂದಿದ್ದರು. ಆದರೂ ಬಹುಪಾಲು ಜನ ಹೊರಟರು. ಕೊಚ್ಚಿಯವರು ೧೯೫೦ರ ದಶಕದಲ್ಲಿ ಊರಿಗೆ ಊರೇ ಎದ್ದಂತೆ ಹೋಗಿ ಮರುಭೂಮಿಯಂಚಿನ ನೆವಾತಿಮ್ ಮುಂತಾದ ಹಳ್ಳಿಗಳಲ್ಲಿ ಕೃಷಿ ಹಿಡಿದರು. ಅವರ ಪ್ರಯಾಣಕ್ಕಾಗಿ ಹಗಲಿರುಳು ದುಡಿದ ಸಾಲೆಂ ಮಾತ್ರ ಕೊಚ್ಚಿಯನ್ನು ಬಿಡಲಿಲ್ಲ.

ಬೆನೆ ಇಸ್ರಾಯೇಲರಿಗೆ ಅಲ್ಲಿ ಸಿಕ್ಕಿದ ಸ್ವಾಗತ ನಿರೀಕ್ಷಿಸಿದಂತಿರಲಿಲ್ಲ. ಬಣ್ಣದ ಕಾರಣದಿಂದ ತಮ್ಮನ್ನು ಕೀಳಾಗಿ ಕಾಣುತ್ತಾರೆಂದು ನೊಂದ ಕೆಲವು ಕುಟುಂಬಗಳು ೧೯೫೧-೫೨ರಲ್ಲಿ ಧರಣಿ ಕುಳಿತು, ಮರಳಿ ಭಾರತಕ್ಕೇ ಕಳುಹಿಸಿರೆಂದು ಕೇಳಿ ಹಿಂತಿರುಗಿದವು. ೧೯೬೨ರಲ್ಲಿ ಅಲ್ಲಿಯ ಧರ್ಮಪೀಠವು ಇನ್ನೂ ಕಠಿಣವಾದ ಆಜ್ಞೆ ಹೊರಡಿಸಿತು. ಬೆನೆ ಇಸ್ರಾಯೇಲ್ ವಧೂವರರು ಇತರ ಯಹೂದಿಗಳನ್ನು ವಿವಾಹವಾಗಬೇಕಾದರೆ ಅವರ ತಾಯಿಯ ಕಡೆಯ ವಂಶಶುದ್ಧಿಯನ್ನು ತಲೆಮಾರುಗಳ ಹಿಂದಕ್ಕೆ ಪರೀಕ್ಷಿಸಬೇಕೆಂಬುದು ಅದು. ಗ್ರಂಥವಿಲ್ಲದ ಕಾಲದಲ್ಲಿ ಗಾಣ ನಿಲ್ಲಿಸಿ ಧರ್ಮ ಉಳಿಸಿಕೊಂಡವರನ್ನು, ಗ್ರಂಥ ಕೈಯಲ್ಲಿದ್ದವರು ನೀವು ನಮ್ಮವರು ಹೌದೇ ಎಂದು ಕೇಳಿದಂತಾಯಿತು. ಅವರು ಉತ್ತರ ಕೊಟ್ಟ ರೀತಿ ಮಾತ್ರ ಅಚ್ಚ ಭಾರತೀಯ. ೧೯೬೪ರ ಬೇಸಿಗೆಯಲ್ಲಿ ಜೆರುಸಲೇಮಿನಲ್ಲಿ ಕುಟುಂಬಸಮೇತ ಧರಣಿ, ಉಪವಾಸ. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಅಲ್ಲಿಯ ಸಂಸತ್ತು ಬೆನೆ ಇಸ್ರಾಯೇಲರು ಎಲ್ಲ ವಿಧದಿಂದಲೂ ಯಹೂದಿಗಳೇ, ಅವರ ಹಕ್ಕುಗಳಲ್ಲಿ ಭೇದ ಸಲ್ಲದು ಎಂದು ನಿರ್ಣಯಿಸಿತು. ಧರ್ಮಪೀಠವೂ ಆಜ್ಞೆಯ ಮಾತನ್ನು ಬದಲಿಸಬೇಕಾಯಿತು.

ಭಾರತದಲ್ಲಿ ಈಗ ಉಳಿದಿರುವ ಯಹೂದಿಗಳು ಕೆಲವೇ ಸಾವಿರ. ಜೈನರಿಗೆ ೨೦೧೪ರಲ್ಲಿ ಕೇಂದ್ರ ಸರ್ಕಾರದಿಂದ ದೊರೆತ ಅಲ್ಪಸಂಖ್ಯಾತ ಮಾನ್ಯತೆಯಂಥದೇ ಮಾನ್ಯತೆ ಅವರಿಗೆ ೨೦೧೬ರಲ್ಲಿ ಮಹಾರಾಷ್ಟ್ರ ರಾಜ್ಯದಿಂದ ದೊರೆಯಿತು. ಇಸ್ರೇಲಿಗೆ ಹೋದವರು ಮರಾಠಿಯನ್ನು ಬಿಡಲಿಲ್ಲ. ‘ಮಾಯಬೋಲಿ’ ಎಂಬ ಮರಾಠಿ ನಿಯತಕಾಲಿಕವನ್ನೂ ನಡೆಸಿದರು. ಜೊತೆಗೆ ಒಂದು ಹರಕೆಯನ್ನೂ ಒಯ್ದಿದ್ದರು. ಕೊಂಕಣದಲ್ಲಿದ್ದಾಗ ಶುಭಕಾರ್ಯಕ್ಕೆ ಮುನ್ನ ಅವರು ಎಲಿಯಾಹು ಪ್ರವಾದಿಯನ್ನು ನೆನೆದು, ನೆನೆಸಿದ ಅವಲಕ್ಕಿಗೆ ಬೆಲ್ಲ, ಕೊಬ್ಬರಿ ಬೆರೆಸಿ, ಹಣ್ಣುಗಳ ಜೊತೆ ತಟ್ಟೆಯಲ್ಲಿಟ್ಟು ‘ಮಲಿದಾ’ ಅರ್ಪಿಸುತ್ತಿದ್ದರು. ಅಲಿಬಾಗದ ಬಳಿ ಪ್ರವಾದಿಯ ರಥದ ಗುರುತೆಂದು ಅವರು ನಂಬುವ ಬಂಡೆಯೊಂದಿದೆ. ಬೇರೆ ಯಾವ ದೇಶದ ಯಹೂದಿಗಳಲ್ಲಿಯೂ ಈ ಪದ್ಧತಿಯಿಲ್ಲ. ಹೈಫಾದ ಕಾರ್ಮೆಲ್ ಬೆಟ್ಟದಲ್ಲಿ, ಹಿಂದೆ ಮೈಸೂರಿನ ಸವಾರರು ಏರಿದ ಅದೇ ಬೆಟ್ಟದ ಬುಡದಲ್ಲಿ, ಎಲಿಯಾಹುವಿನ ಗುಹೆಯಿದೆ. ಕೊಂಕಣದಿಂದ ಹೋದ ಕುಟುಂಬಗಳು ಅಲ್ಲಿಗೆ ಯಾತ್ರೆ ಹೋಗಿ, ಅವಲಕ್ಕಿಯ ತಟ್ಟೆಯನ್ನು ಇಟ್ಟು ಮಲಿದಾ ಹಂಚುತ್ತವೆ.